ಏಳನೆಯ ದನಿ

ಮೊಟ್ಟೆಗಳನ್ನು ಹಾವು ನುಂಗಿದ ಮೇಲೆ ಹರಟೆಮಲ್ಲ ಹಕ್ಕಿ ಕೆಂಚಿ ದನಿಯನ್ನೇ ಎತ್ತಿರಲಿಲ್ಲ. ಯಾರೂ ಬೇಡವೆಂದು ಜಾಲಿಮರದ ಕೆಳಗೆ ಒಬ್ಬಳೇ ಕೂತಿರುತ್ತಿದ್ದಳು. ಒಂದು ಬೆಳಿಗ್ಗೆ ಮೇಲೆ ಗಿಡುಗ ಸುತ್ತತೊಡಗಿತು.

"ಹಾರು ಕೆಂಚೀ!" ಎಂದು ಕೊಂಬೆಯ ಮೇಲಿದ್ದ ಅವಳ ಗುಂಪು ಕೂಗಿತು.

"ರೆಕ್ಕೆ ನನ್ನ ಮಾತು ಕೇಳುತ್ತಿಲ್ಲ. ನೀವು ಹೋಗಿ," ಎಂದಳು ಕೆಂಚಿ.

ಗುಂಪಿನ ಹಿರಿಯಕ್ಕ ಹೋಗಲಿಲ್ಲ. ಕೆಳಗಿಳಿದು ಕೆಂಚಿಯ ಮಗ್ಗುಲಿಗೆ ಒತ್ತಿ ಕೂತು ಗುಂಪಿನ ಹಾಡು ಎತ್ತಿಕೊಂಡಳು. ಉಳಿದ ಐವರೂ ಇಳಿದುಬಂದು ದನಿಗೂಡಿಸಿದರು. ಗಿಡುಗದ ನೆರಳು ಹತ್ತಿರವಾಯಿತು. ಅಕ್ಕಪಕ್ಕದ ಎದೆಗಳ ಕಂಪನ ಮೈಗೆ ತಾಗಿ, ಕೆಂಚಿಯ ಮಂಕುಕವಿದ ತಲೆಯೊಳಗೆ ಏನೋ ಮಿಡುಕಿತು. ಗಂಟಲಿಂದ ಒಡಕು ಸ್ವರವೊಂದು ಹೊರಟಿತು, ಮರುಗಳಿಗೆ ಇನ್ನೊಂದು. ಏಳೂ ದನಿ ಕೂಡಿದಾಗ ಏಳೂ ಹಕ್ಕಿಗಳು ಒಟ್ಟಿಗೆ ಹಾರಿ ಮುಳ್ಳುಪೊದೆ ಹೊಕ್ಕವು. ಗಿಡುಗ ಬರಿನೆಲಕ್ಕೆ ಎರಗಿತು.

"ದುಃಖ ಹೋಯಿತೇ?" ಎಂದು ಹಿರಿಯಕ್ಕ ಕೇಳಿದಳು.

"ಇಲ್ಲ," ಎಂದಳು ಕೆಂಚಿ. "ಆದರೆ ಹಸಿವಾಗುತ್ತಿದೆ."