ಇಪ್ಪತ್ತು ಕಿಲೋ ಜಾಕೆಟ್

ದಾವಣಗೆರೆಯ ಕ್ರೀಡಾ ಸಾಮಗ್ರಿ ಅಂಗಡಿಗೆ ನಿವೃತ್ತ ಇನ್‌ಸ್ಪೆಕ್ಟರ್ ಮರುಳಸಿದ್ದಪ್ಪನವರು ತಾಯಿಯೊಡನೆ ಬಂದರು. ಭಾರ ಹೊತ್ತು ವಾಕಿಂಗ್ ಮಾಡಲು ಅವರಿಗೊಂದು ತೂಕದ ಜಾಕೆಟ್ ಬೇಕಿತ್ತು.

“ಇಪ್ಪತ್ತು ಕಿಲೋದ್ದು ಕೊಡಯ್ಯ.”

“ಮೊದಲಿಗೆ ಐದು ಸಾಕು ಸಾರ್. ಮಂಡಿ ಹೋಗ್ತದೆ.”

“ಮೂವತ್ತು ವರ್ಷ ಕಳ್ಳರ ಹಿಂದೆ ಓಡಿದ ಮಂಡಿ ಇದು! ಮಾಲೀಕನ್ನ ಕರೀಲಾ?”

ಅಂಗಡಿಯ ಆಳು ಇಪ್ಪತ್ತರದ್ದನ್ನೇ ತೊಡಿಸಿ ಪಟ್ಟಿ ಬಿಗಿದ. ಆಮೇಲೆ ವಿನಯದಿಂದ, “ಹೊಸದು ಹಾಕಿದೀರಿ ಸಾರ್, ಅಮ್ಮನ ಕಾಲಿಗೆ ನಮಸ್ಕಾರ ಮಾಡಿ,” ಎಂದ.

ಸಾಹೇಬರು ಠೀವಿಯಿಂದ ಮಂಡಿಯೂರಿ ಬಾಗಿದರು. ಹಣೆ ಪಾದಕ್ಕೆ ತಾಗಿತು. ಮತ್ತೆ ಮೇಲೇಳಲಿಲ್ಲ.

ತಾಯಿ ಮಗನ ತಲೆ ಸವರಿದರು. ಇನ್ನೊಮ್ಮೆ ಸವರಿದರು. “ಏಳೋ ಮರುಳ, ನೂರು ವರ್ಷ ಬಾಳು ಅಂತ ಎರಡು ಸಲ ಅಂದೆನಲ್ಲೋ!”

ಕೆಳಗಿನಿಂದ ಸಣ್ಣ ದನಿ ಬಂತು: “ತಮ್ಮಾ, ಐದು ಕಿಲೋದ್ದೇ ಕೊಡಪ್ಪ. ಮೊದಲು ಇದನ್ನ ಬಿಚ್ಚು.”