ಸಿಕ್ಕು ಬಿಡಿಸುವ ಹುಡುಗಿ

"ಗುರುಗಳೇ, ಒಂದು ಮಾತು ಕೇಳಬೇಕಿತ್ತು. ನನ್ನ ಮಗ ಓಂಕಾರನನ್ನು ದೊಡ್ಡ ಕಾಲೇಜಿಗೆ ಸೇರಿಸಬೇಕು. ಬರೀ ಅಂಕ ಸಾಲದಂತೆ. ಓದಿನ ಹೊರತಾಗಿ ಹುಡುಗ ಏನೇನು ಮಾಡುತ್ತಾನೆ ಎಂದು ಅರ್ಜಿಯಲ್ಲಿ ಪಟ್ಟಿ ಕೊಡಬೇಕಂತೆ. ಇವನೋ, ನಾನು ಏನೂ ಮಾಡುವುದಿಲ್ಲ ಅಂತ ಕೂತಿದ್ದಾನೆ. ಪೇಟೆಯಲ್ಲಿ ಒಬ್ಬರು ಅಂಥ ಪಟ್ಟಿಯನ್ನು ಚೆನ್ನಾಗಿ ಬರೆದುಕೊಡುತ್ತಾರೆ. ಬರೆಸಲೇ?"

ಕೇಳಿದವನು ಗಂಗಾಧರಯ್ಯ. ಬಹಳ ಕಾಲದಿಂದ ಮಠಕ್ಕೆ ನಡೆದುಕೊಳ್ಳುವ ಶಿಷ್ಯ. ಗುರುಗಳು, ಹುಡುಗ ಎಲ್ಲಿ ಎಂದು ವಿಚಾರಿಸಿದರು. ಜೊತೆಯಲ್ಲೇ ಬಂದಿದ್ದಾನೆ, ದೊಡ್ಡವರ ಮಾತಿನ ನಡುವೆ ಅವನೇಕೆ ಎಂದು ಹೊರಗೆ ಕಟ್ಟೆಯ ಮೇಲೆ ಕೂರಿಸಿ ಬಂದೆ ಎಂದ ಗಂಗಾಧರಯ್ಯ. ಗುರುಗಳು ಸಣ್ಣಗೆ ನಕ್ಕು ಕತೆ ತೆಗೆದರು.

ಒಂದು ಊರಿನ ನೇಕಾರರ ಬೀದಿಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಹೆಂಡತಿ ಬೇಗನೆ ತೀರಿಕೊಂಡಿದ್ದಳು. ಒಬ್ಬಳೇ ಮಗಳು, ಅವಳೆಂದರೆ ಅವನಿಗೆ ಪ್ರಾಣ. ಅವಳಿಗೆ ಯಾವುದಕ್ಕೂ ಕಡಿಮೆಯಾಗಬಾರದು ಎಂದು ಬೆಳಗಾದರೆ ಅಂಗಡಿಗೆ ಹೋಗುತ್ತಿದ್ದ, ದೀಪ ಹಚ್ಚಿದ ಮೇಲೆ ಮನೆಗೆ ಬರುತ್ತಿದ್ದ. ಬಂದವನು ಊಟವಾಯಿತೇ ಎಂದು ಕೇಳುತ್ತಿದ್ದ. ಆಯಿತು ಎನ್ನುತ್ತಿದ್ದಳು. ಅಲ್ಲಿಗೆ ಅಂದಿನ ಮಾತು ಮುಗಿಯುತ್ತಿತ್ತು.

ಹುಡುಗಿಗೆ ಓದಬೇಕೆಂಬ ಹಂಬಲ. ನದಿಯಾಚೆ ಒಂದು ವಿದ್ಯಾಶಾಲೆ ಇತ್ತು. ಅಲ್ಲಿಗೆ ಸೇರಬೇಕಾದರೆ ಹೆತ್ತವರು ಆಚಾರ್ಯರ ಮುಂದೆ ನಿಂತು, ತಮ್ಮ ಮಗು ಓದು ಬಿಟ್ಟು ಇನ್ನೇನು ಮಾಡುತ್ತದೆ ಎಂದು ಹೇಳಬೇಕು. ಅದು ಅಲ್ಲಿನ ಕಟ್ಟಳೆ. ಉಳ್ಳವರು ಈ ಕೆಲಸಕ್ಕೆ ಹೊಗಳುಭಟರನ್ನು ಕರೆದುಕೊಂಡು ಹೋಗುತ್ತಿದ್ದರು. ಅರಮನೆಗಳಲ್ಲಿ ಸಂಬಳ ಕಡಿಮೆಯಾಗಿದ್ದ ಕಾಲ ಅದು. ರಾಜರಿಗಿಂತ ಹೆತ್ತವರೇ ಒಳ್ಳೆಯ ಗಿರಾಕಿಗಳು ಎಂದು ಭಟರು ಕಂಡುಕೊಂಡಿದ್ದರು.

ನೀನು ಏನೇನು ಮಾಡುತ್ತೀಯಮ್ಮ ಎಂದು ವ್ಯಾಪಾರಿ ಮಗಳನ್ನು ಕೇಳಿದ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಏನೂ ಇಲ್ಲ ಅಪ್ಪ ಎಂದಳು. ಏನೂ ಇಲ್ಲದವಳನ್ನು ಯಾರು ಸೇರಿಸಿಕೊಳ್ಳುತ್ತಾರೆ? ಅವಳ ಹಂಬಲ ಮಣ್ಣುಗೂಡುತ್ತದಲ್ಲ ಎಂದು ವ್ಯಾಪಾರಿ ಹೆದರಿ, ಹೆಸರುವಾಸಿಯಾದ ಒಬ್ಬ ಹೊಗಳುಭಟನನ್ನು ಮನೆಗೆ ಕರೆಸಿದ.

ಭಟ ಜಮಖಾನದ ಮೇಲೆ ಕೂತು, ನೆನಪಾದದ್ದನ್ನೆಲ್ಲ ಹೇಳಿ ಎಂದ. ವ್ಯಾಪಾರಿ ತಡಕಾಡಿ ತಡಕಾಡಿ ಹೇಳಿದ. ಯಾರದೋ ಮದುವೆಯಲ್ಲಿ ಮಗುವನ್ನು ಕುದುರೆಯ ಮೇಲೆ ಕೂರಿಸಿದ್ದರು, ಹೆದರಿ ಅತ್ತುಬಿಟ್ಟಿತ್ತು. ಭಟ ಅದನ್ನು 'ಅಶ್ವಾರೋಹಣ ಪ್ರವೀಣೆ' ಎಂದು ಮಾಡಿದ. ಕರು ಹಗ್ಗ ಕಿತ್ತುಕೊಂಡು ಓಡಿದಾಗ ಹುಡುಗಿ ಅದರ ಹಿಂದೆ ಓಡಿದ್ದಳು. ಅದು 'ಗೋಸಂರಕ್ಷಣಾ ಧುರಂಧರೆ' ಆಯಿತು. ಹಸೆಹಾಡು ಹೇಳುವ ಹೆಂಗಸರ ಹಿಂದೆ ಕೂತು ತುಟಿ ಆಡಿಸಿದ್ದಕ್ಕೆ 'ಗಾನಕೋಗಿಲೆ' ಎಂಬ ಬಿರುದು ಬಂತು. ಇದು ಸುಳ್ಳಲ್ಲವಷ್ಟೆ ಎಂದು ವ್ಯಾಪಾರಿ ಅಳುಕಿನಿಂದ ಕೇಳಿದ.

"ಪಾಕ ನಿಮ್ಮದೇ ಯಜಮಾನರೆ, ಅಚ್ಚು ಮಾತ್ರ ನನ್ನದು" ಎಂದ ಭಟ.

ಬೆಲ್ಲದವನಿಗೆ ಆ ಮಾತು ಒಪ್ಪಿಗೆಯಾಯಿತು. ಭಟ ಎದ್ದು ನಿಂತು ಬಿರುದಾವಳಿಯನ್ನು ಒಮ್ಮೆ ಏರುದನಿಯಲ್ಲಿ ಹೇಳಿದ. ಕೇಳುತ್ತ ಕೇಳುತ್ತ ವ್ಯಾಪಾರಿಗೆ ತನ್ನ ಮಗಳ ಮೇಲೆ ತನಗೇ ಗೌರವ ಹುಟ್ಟಿತು. ಬಾಗಿಲ ಬಳಿ ನಿಂತಿದ್ದ ಹುಡುಗಿಯೂ ಪೂರ್ತಿ ಕೇಳಿದಳು. ಸಿಟ್ಟಾಗಲಿಲ್ಲ, ನಗಲೂ ಇಲ್ಲ. ಮೆಲ್ಲಗೆ ಇಷ್ಟೇ ಹೇಳಿದಳು:

"ಅಪ್ಪ, ಇವಳು ಯಾರೋ ಬಹಳ ಒಳ್ಳೆಯವಳಿರಬೇಕು. ಇವಳೇ ಹೋಗಲಿ. ನಾನು ಏಕೆ?"

ಅವಳ ಕಣ್ಣು ತುಂಬಿತ್ತು. ತಾನು ಇದ್ದ ಹಾಗೆ ಅಪ್ಪನಿಗೆ ಸಾಲದು ಎಂದು ಮಗು ತಿಳಿದುಬಿಟ್ಟಿದೆಯಲ್ಲ ಎಂದು ವ್ಯಾಪಾರಿಗೆ ಆಗ ಹೊಳೆಯಿತು. ಭಟನಿಗೆ ತಾಂಬೂಲದ ಜೊತೆ ಬೆಲ್ಲದ ಅಚ್ಚು ಕೊಟ್ಟು ಕಳಿಸಿಬಿಟ್ಟ. ಭಟನಿಗೆ ಬೇಸರವೇನೂ ಆಗಲಿಲ್ಲ. ಪಕ್ಕದ ಬೀದಿಯಲ್ಲಿ ಇನ್ನೊಬ್ಬರ ಮಗ ಕಾದಿದ್ದ.

ಮರುದಿನ ವ್ಯಾಪಾರಿ ಅಂಗಡಿ ತೆರೆಯಲಿಲ್ಲ. ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಜನ ಕೇಳಿದರು. ಎಲ್ಲರೂ ಚೆನ್ನಾಗಿದ್ದೇವೆ ಎಂದು ಹೇಳಿ, ಜಗಲಿಯ ಮೇಲೆ ಮಗಳ ಪಕ್ಕ ಹೋಗಿ ಕೂತ. ಅವಳ ಮಡಿಲಲ್ಲಿ ಸಿಕ್ಕಾದ ನೂಲಿನ ಒಂದು ದೊಡ್ಡ ಉಂಡೆ ಇತ್ತು.

ಅದನ್ನು ಅವನು ಹಿಂದೆಯೂ ಕಂಡಿದ್ದ. ಯಾರದೋ ನೂಲು ಹಿಡಿದು ಹೊತ್ತು ಕಳೆಯುತ್ತಾಳೆ, ಕತ್ತರಿಸಿ ಬಿಸಾಡಿದರೆ ಆಯಿತಲ್ಲ ಎಂದು ಗೊಣಗಿಯೂ ಇದ್ದ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಅಲ್ಲ. ಅವಳು ಯಾರ ನೂಲನ್ನು, ಏಕೆ ಬಿಡಿಸುತ್ತಾಳೆ ಎಂದು ಅವನು ಆವತ್ತು ಮೊದಲ ಸಲ ಕೇಳಿದ. ಇಡೀ ಬೀದಿಯವರದು ಎಂದಳು. ನೇಯುವವರಿಗೆ ಸಿಕ್ಕು ಬಿಡಿಸುತ್ತ ಕೂರಲು ಬಿಡುವಿಲ್ಲ. ಕತ್ತರಿಸಿದರೆ ಗಂಟು ಹಾಕಬೇಕು, ಹಾಕಿದ ಗಂಟು ಬಟ್ಟೆಯಲ್ಲಿ ಎದ್ದು ಕಾಣುತ್ತದೆ. ಅದಕ್ಕೆ ಅವಳಲ್ಲಿ ತಂದುಕೊಡುತ್ತಾರೆ.

ನಾನೂ ಒಂದು ಕೈ ನೋಡುತ್ತೇನೆ ಎಂದು ವ್ಯಾಪಾರಿ ಒಂದು ಎಳೆ ಹಿಡಿದು ಜಗ್ಗಿದ. ಸಿಕ್ಕು ಇನ್ನಷ್ಟು ಬಿಗಿಯಿತು. ಅವಳು ನಗುತ್ತ ಅವನ ಬೆರಳುಗಳನ್ನು ಬಿಡಿಸಿ, ಜಗ್ಗಬಾರದು ಅಪ್ಪ, ಸಡಿಲ ಮಾಡುತ್ತಾ ಹೋಗಬೇಕು, ತುದಿ ತಾನಾಗಿ ಸಿಗುತ್ತದೆ ಎಂದಳು. ಅಷ್ಟರಲ್ಲಿ ಒಂದು ಮಗು ಗಾಳಿಪಟದ ದಾರ ತಂದಿತು. ಅದರ ಹಿಂದೆಯೇ ಎದುರು ಮನೆಯ ಹೊಸ ಸೊಸೆ ಒಂದು ಹಿಡಿ ನೂಲು ತಂದು ಕೂತಳು. ಅದರಲ್ಲಿ ಸಿಕ್ಕು ಅಷ್ಟೇನೂ ಇರಲಿಲ್ಲ. ಆ ಹೆಣ್ಣು ತಗ್ಗಿದ ದನಿಯಲ್ಲಿ ಏನೇನೋ ಹೇಳಿಕೊಂಡಳು. ಹುಡುಗಿ ನೂಲಿನ ಮೇಲೆ ಕಣ್ಣಿಟ್ಟು ಹೂಂಗುಟ್ಟುತ್ತ ಹೋದಳು. ಎದ್ದು ಹೋಗುವಾಗ ಸೊಸೆಯ ಮುಖ ಹಗುರವಾಗಿತ್ತು. ನೂಲನ್ನು ಜಗಲಿಯ ಮೇಲೆಯೇ ಮರೆತು ಹೋದಳು.

ವ್ಯಾಪಾರಿ ಮಗಳನ್ನೇ ನೋಡುತ್ತ ಕೂತ. ಇಷ್ಟು ವರ್ಷ ಮನೆಯಲ್ಲೇ ಇದ್ದವಳು ಆವತ್ತು ಅವನ ಕಣ್ಣಿಗೆ ಬಿದ್ದಳು. ಅವನಿಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

ನದಿ ದಾಟುವಾಗ ದೋಣಿಯಲ್ಲಿ ಅವನು ಮಗಳನ್ನು ಕೇಳಿದ, ನೂಲಿನ ವಿಷಯ ಆಚಾರ್ಯರಿಗೆ ಹೇಳಲೇ ಎಂದು. ಅದೂ ಒಂದು ಹೇಳುವ ಮಾತೇ ಎಂದು ಅವಳಿಗೆ ಆಶ್ಚರ್ಯವಾಯಿತು. ಹೇಳುವ ಮಾತೋ ಅಲ್ಲವೋ ನನಗೆ ಗೊತ್ತಿಲ್ಲ, ನೋಡಿ ನನಗೆ ಖುಷಿಯಾಯಿತು ಎಂದ. ಹಾಗಾದರೆ ಹೇಳು ಎಂದಳು.

ವಿದ್ಯಾಶಾಲೆಯ ಅಂಗಳದಲ್ಲಿ ಭಟರ ಗದ್ದಲವೋ ಗದ್ದಲ. ಮೀಸೆ ಮೂಡದ ಒಬ್ಬ ಹುಡುಗನಿಗೆ ಮೂರು ಲೋಕದ ಗಂಡ ಎಂಬ ಬಿರುದಿತ್ತು. ಆಚಾರ್ಯರು ಕಣ್ಣು ಮುಚ್ಚಿ ಕೂತಿದ್ದರು. ಕೇಳುತ್ತಿದ್ದರೋ ತೂಕಡಿಸುತ್ತಿದ್ದರೋ ಹೇಳುವುದು ಕಷ್ಟ. ಸರದಿ ಬಂದಾಗ ವ್ಯಾಪಾರಿ ಕೈಮುಗಿದು, ನಮ್ಮ ಬೀದಿಯವರ ನೂಲು ಸಿಕ್ಕಾದರೆ ನನ್ನ ಮಗಳು ಬಿಡಿಸಿಕೊಡುತ್ತಾಳೆ, ಕತ್ತರಿ ಮುಟ್ಟುವುದಿಲ್ಲ ಎಂದು ಹೇಳಿದ. ಎದುರು ಮನೆಯ ಸೊಸೆಯ ವಿಷಯ ಎತ್ತಲಿಲ್ಲ. ಅದು ಅವನ ಸರಕಲ್ಲ.

"ಇಷ್ಟೆಯೇ?" ಎಂದರು ಆಚಾರ್ಯರು.

"ನಾನು ಕಂಡದ್ದು ಇಷ್ಟು, ಸ್ವಾಮಿ. ಕಾಣದೆ ಹೋದದ್ದು ಇನ್ನೂ ಇರಬೇಕು. ಆ ತಪ್ಪು ನನ್ನದು, ಅವಳದಲ್ಲ."

ಆಚಾರ್ಯರು ಕಣ್ಣು ತೆರೆದು ಹುಡುಗಿಯ ಕಡೆ ನೋಡಿದರು. ಹುಡುಗಿ ಆಚಾರ್ಯರನ್ನು ನೋಡುತ್ತಿರಲಿಲ್ಲ. ಅಪ್ಪನನ್ನು ನೋಡುತ್ತಿದ್ದಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಗಂಗಾಧರಯ್ಯ ತಡೆಯಲಾರದೆ, ಆ ಹುಡುಗಿಯನ್ನು ಸೇರಿಸಿಕೊಂಡರೇ ಎಂದು ಕೇಳಿದ.

"ಅದಿರಲಿ ಗಂಗಾಧರಯ್ಯ, ಹೊರಗೆ ಕೂರಿಸಿ ಬಂದೆಯಲ್ಲ, ಓಂಕಾರ ಈಗ ಏನು ಮಾಡುತ್ತಿದ್ದಾನೆ?" ಎಂದರು ಗುರುಗಳು.

ಗಂಗಾಧರಯ್ಯ ಎದ್ದು ಹೊರಗೆ ಕಟ್ಟೆಯ ಕಡೆ ನಡೆದ.