‘ಸಿಗಲಿಲ್ಲ’ ಎನ್ನದ ಸ್ಕ್ರಿಪ್ಟ್

ಮಲಪ್ರಭೆಯ ದಂಡೆಯ ಮಠದಲ್ಲಿ ಚನ್ನವೀರಜ್ಜನವರು ಶ್ರೀಗಂಧದ ಸಸಿ ಬೆಳೆಸುತ್ತಿದ್ದರು. ಬಾಗಿದ ಬೆನ್ನಿನಲ್ಲಿ ಅವರು ಕೊಡ ಹೊರುವುದನ್ನು ನೋಡಲಾರದೆ ಶಿಷ್ಯ ಸಂಗಯ್ಯ ಕಂಪ್ಯೂಟರಿನಲ್ಲಿ ಒಂದು ಸ್ಕ್ರಿಪ್ಟ್ ಬರೆದ. ಎಷ್ಟು ಹೊತ್ತು ನೀರು ಬಿಡಬೇಕೆಂಬುದನ್ನು ಕಾನ್ಫಿಗ್ ಫೈಲು ಎಂಬ ಬೇರೊಂದು ಕಡತದಲ್ಲಿ ಬರೆದಿಟ್ಟ. ಅದನ್ನು ಓದಿ ಪಂಪು ಓಡಿಸುವುದು, ನಿಲ್ಲಿಸುವುದು ಸ್ಕ್ರಿಪ್ಟಿನ ಕೆಲಸ. ದಿನಾ ಬೆಳಿಗ್ಗೆ ಅದು ತಾನೇ ಏಳುವಂತೆ ಕಂಪ್ಯೂಟರಿನ ಗಡಿಯಾರಕ್ಕೆ ಹೊತ್ತು ಗೊತ್ತುಮಾಡಿದ.

ಫೈಲಿನಲ್ಲಿದ್ದದ್ದು ಹತ್ತು ನಿಮಿಷ. ಪಂಪು ಓಡಿದ್ದು ಒಂದು ತಾಸು.

ಸಂಗಯ್ಯ ಕೂತು ಓಡಿಸಿದರೆ ಸ್ಕ್ರಿಪ್ಟು ಹೇಳಿದ ಮಾತು ಕೇಳುತ್ತಿತ್ತು. ಬೆಳಿಗ್ಗೆ ತಾನೇ ಓಡುವಾಗ ಮಾತ್ರ ಫೈಲನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮಡಿಗಳು ಕೆಸರಾದವು, ಸಸಿಗಳ ಬುಡ ಕೊಳೆಯತೊಡಗಿತು. ಅಜ್ಜನವರು ಗುಡ್ಡ ಸುತ್ತಿ ಆರಿಸಿ ತಂದ ಬೀಜದ ಸಸಿಗಳವು. ಸಂಗಯ್ಯನಿಗೆ ಅನ್ನ ಸೇರಲಿಲ್ಲ.

“ಏನಂತೈತೋ ನಿನ್ನ ಶಿಷ್ಯ?” ಎಂದರು ಅಜ್ಜನವರು, ಕಂಪ್ಯೂಟರಿನತ್ತ ನೋಡಿ.

“ಏನೂ ಅನ್ನಂಗಿಲ್ರಿ ಅಜ್ಜಾರ. ಮಠದಾಗ ದೂರು ಹೇಳಬಾರದಲ್ರೀ, ಅದಕ್ಕೂ ಹಂಗ ಕಲಿಸೀನಿ. ಏನರ ತಪ್ಪಿದ್ರೂ ಸುಮ್ನಿರು, ಒಂದು ತಾಸು ನೀರು ಬಿಡು ಅಂತ ಬರದೀನಿ. ಆದ್ರ ಫೈಲ್ ಯಾಕ ಓದವಲ್ದೋ ತಿಳೀವಲ್ದು.”

ಅಷ್ಟು ಸಂಕಟದಲ್ಲೂ ಆ ಕಲಿಸಿದ್ದರ ಬಗ್ಗೆ ಅವನಿಗೆ ಒಂದಿಷ್ಟು ಹೆಮ್ಮೆಯಿತ್ತು.

“ಇರ್ಲಿ. ಅಡಿಗಿಮನಿ ಹಿಂದ ಬೇಲಿಮ್ಯಾಲೆ ಅಮೃತಬಳ್ಳಿ ಐತಿ. ಕಷಾಯಕ್ಕ ಒಂದ್ ತುಂಡು ತಾ.”

ಬೇಲಿಯಲ್ಲಿ ಬಳ್ಳಿ ಇರಲಿಲ್ಲ. ಆಡು ತಿಂದುಹೋಗಿತ್ತು. ಗುರುಗಳೆದುರು ಬರಿಗೈಯಲ್ಲಿ ನಿಲ್ಲುವುದು ಹೇಗೆ? ಹಿತ್ತಲಿನ ದೊಡ್ಡಪತ್ರೆಯನ್ನೇ ಕಿತ್ತು, ಎರಡೂ ಕೈ ತುಂಬ ಹಿಡಿದು ಬಂದ.

“ಇದು ಅಮೃತಬಳ್ಳಿ ಏನೋ?”

“ಅಲ್ರಿ. ಅದು ಸಿಗಲಿಲ್ರಿ.”

“ನಾ ಕೇಳೋತನಕ ಹೇಳಲಿಲ್ಲಲ್ಲೋ.”

ಸಂಗಯ್ಯ ಕೈತುಂಬ ಇದ್ದ ಸೊಪ್ಪನ್ನು ನೋಡಿಕೊಂಡ.

“ನೂಲಿನಂಗ ಸೀರಿ, ತಾಯಿಯಂಗ ಮಗಳು,” ಎಂದು ಅಜ್ಜನವರು ನಕ್ಕುಬಿಟ್ಟರು.

ಸಂಗಯ್ಯ ಸೊಪ್ಪನ್ನು ಅಲ್ಲೇ ಇಟ್ಟು ಓಡಿದ. ಸುಮ್ಮನಿರು ಎಂದಿದ್ದ ಸಾಲನ್ನು ಅಳಿಸಿದ. ಫೈಲು ಸಿಗದಿದ್ದರೆ ನೀರು ಬಿಡಬೇಡ, ಎಲ್ಲಿ ಹುಡುಕಿದೆ ಎಂಬುದನ್ನು ಹೇಳು ಎಂದು ಬರೆದ.

ಮರುದಿನ ಬೆಳಿಗ್ಗೆ ಪಂಪು ಓಡಲಿಲ್ಲ. ಪರದೆಯ ಮೇಲೆ ಫೈಲು ಸಿಗಲಿಲ್ಲವೆಂಬ ಒಂದು ಸಾಲು, ಅದು ಹುಡುಕಿದ್ದ ಫೋಲ್ಡರಿನ ಹೆಸರು. ನೋಡಿದರೆ ಅದು ಬೇರೆಯೇ ಫೋಲ್ಡರು. ಸಂಗಯ್ಯ ಯಾವಾಗಲೂ ಫೈಲಿದ್ದ ಫೋಲ್ಡರಿನಿಂದಲೇ ಓಡಿಸುತ್ತಿದ್ದ. ತಾನೇ ಎದ್ದಾಗ ಪಾಪ ಅದು ಪಕ್ಕದ ಮನೆಯಲ್ಲಿ ಕಣ್ಣುಬಿಡುತ್ತಿತ್ತು, ಅಲ್ಲೇ ತಡಕಾಡುತ್ತಿತ್ತು.

ಫೈಲಿನ ಪೂರ್ತಿ ವಿಳಾಸ ಬರೆದು, ಅದು ಆಗಲೇ ಏಳುವಂತೆ ಗಡಿಯಾರದ ಹೊತ್ತನ್ನೂ ತಿದ್ದಿ, ತಾನು ಮುಟ್ಟದೆ ದೂರ ನಿಂತ. ಪಂಪು ತಾನೇ ಎದ್ದಿತು. ಹತ್ತು ನಿಮಿಷ ಓಡಿ ನಿಂತಿತು. ಮಡಿಯಲ್ಲಿ ಅರ್ಧಕ್ಕರ್ಧ ಸಸಿಗಳು ಇನ್ನೂ ಹಸಿರಾಗಿದ್ದವು. ಸಂಗಯ್ಯನ ಕಣ್ಣು ತುಂಬಿತು.

ಅಜ್ಜನವರು ಕಟ್ಟೆಯ ಮೇಲೆ ಕೂತಿದ್ದರು. “ಅಮೃತಬಳ್ಳಿ ತಂದಿಯೇನೋ?”

“ಇಲ್ರಿ ಅಜ್ಜಾರ. ಬೇಲಿ ಪೂರಾ ಹುಡುಕಿದೆ. ಆಡು ತಿಂದೈತಿ.” ಈ ಸಲ ಅವನು ಬರಿಗೈಗಳನ್ನೇ ಮುಂದೆ ಚಾಚಿದ.

ಅಜ್ಜನವರು ಒದ್ದೆ ಅರಿವೆಯಲ್ಲಿ ಸುತ್ತಿಟ್ಟಿದ್ದ ಬಳ್ಳಿಯ ತುಂಡೊಂದನ್ನು ತೆಗೆದು ಅವನ ಅಂಗೈಯಲ್ಲಿಟ್ಟರು. ಗಿಣ್ಣಿನಲ್ಲಿ ಚಿಗುರು ಮೂಡಿತ್ತು.

“ನಿನ್ನೆನ ಕೊಡಾಂವ ಇದ್ದೆ, ತಮ್ಮಾ. ನಿನ್ನ ಕೈ ಖಾಲಿ ಇರಲಿಲ್ಲ.”